ಫ್ರಿಡ್ಲಿಗೆ ಕುಶಾಲತೋಪು

ರೆಗುಲಾ ಗಂಡ ಫ್ರಿಡ್ಲಿಯ ಶವಪೆಟ್ಟಿಗೆಯ ಮೇಲಿದ್ದ ಕೋವಿಯನ್ನು ಎತ್ತಿ ಮೈದುನನ ಕೈಗೆ ತುರುಕಿದಳು.

“ಇದನ್ಯಾಕೆ ಇಲ್ಲಿಟ್ಟೆ ಯೋಸ್ಟ್? ತಗೊಂಡ್ಹೋಗು.”

“ಅತ್ತಿಗೆ, ಇಡೀ ಗ್ಲಾರಸ್ ಕಣಿವೇಲಿ ಅಣ್ಣನಂಥ ಗುರಿಕಾರ ಇರಲಿಲ್ಲ. ಗುರಿಕಾರರ ಸಂಘದೋರೆಲ್ಲ ಕೋವಿ ಹೊತ್ಕೊಂಡು ಹೊರಗೆ ನಿಂತಿದಾರೆ. ಮಣ್ಣು ಹಾಕೋ ಮುಂಚೆ ಮೂರು ಸುತ್ತು ಕುಶಾಲತೋಪು ಆಗ್ಲೇಬೇಕು.”

“ನೀವು ಭಾನುವಾರ ಗುಂಡು ಹಾರಿಸೋವಾಗ ನಿಮ್ಮಣ್ಣ ಎಲ್ಲಿ ಕೂತಿರ್ತಿದ್ರು ಗೊತ್ತಾ? ನೆಲಮಾಳಿಗೇಲಿ. ಚೀಸ್ ಗಡ್ಡೆಗಳ ಮಧ್ಯ, ಕಿವಿ ಮುಚ್ಕೊಂಡು.”

ಯೋಸ್ಟ್ ದನಿ ತಗ್ಗಿಸಿದ. “ತೋಪು ಹಾರಿಸದಿದ್ರೆ ಜನ ಏನಂತಾರೆ? ಮೆಲ್ಕನ ಕೈ ಹೋಗಿದ್ದು ಫ್ರಿಡ್ಲಿ ತಪ್ಪಿಂದ್ಲೇ, ಅದಕ್ಕೇ ಸಂಘ ಮರ್ಯಾದೆ ಕೊಡಲಿಲ್ಲ ಅಂತಾರೆ.”

ರೆಗುಲಾ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಅಲೆದಳು. ಕಾಫಿ ಉಕ್ಕಿ ಬೂದಿಗೆ ಸುರಿಯುತ್ತಿದ್ದರೂ ಕಾಣಲಿಲ್ಲ. ಊರಿಗೆ ಊರೇ ಬಂದಿತ್ತು, ಮೆಲ್ಕ್ ಮಾತ್ರ ಬಂದಿರಲಿಲ್ಲ.

* * *

ಮೆಲ್ಕನ ಕೈ ಹೋದದ್ದು ಹತ್ತು ವರ್ಷದ ಹಿಂದೆ, ಕೋವಿ ಸ್ಪರ್ಧೆಯ ಗುರಿಹಬ್ಬದಲ್ಲಿ. ಫ್ರಿಡ್ಲಿಗೆ ಉಳಿದದ್ದು ಕೊನೆಯ ಗುಂಡು. ಗುರಿಹಲಗೆಯ ಕೆಳಗಿನ ಗುಂಡಿಯಲ್ಲಿ ಕೂತು, ಏಟು ಎಲ್ಲಿ ಬಿತ್ತೆಂದು ಕೋಲಿನಿಂದ ತೋರಿಸುವವನು ಮೆಲ್ಕ್. ಕಹಳೆ ಊದುವವರೆಗೆ ಅವನು ಮೇಲೆ ಬರುವಂತಿರಲಿಲ್ಲ. ಹಿಂದಿನ ಏಟು ನಟ್ಟನಡುವೆ ಬಿದ್ದ ಖುಷಿಗೆ ಟೋಪಿ ಬೀಸುತ್ತ ಮೇಲೆದ್ದುಬಿಟ್ಟ. ಫ್ರಿಡ್ಲಿಯ ಬೆರಳು ಆಗಲೇ ಕೋವಿಯ ಕುದುರೆಯನ್ನು ಎಳೆದಾಗಿತ್ತು.

ವೈದ್ಯರು ಮೆಲ್ಕನ ಬಲಗೈಯನ್ನು ಮೊಣಕೈಯಿಂದ ತೆಗೆದರು. ಯಾರೂ ಫ್ರಿಡ್ಲಿಯನ್ನು ದೂರಲಿಲ್ಲ. ಆದರೆ ಅವನು ಮತ್ತೆ ಕೋವಿ ಮುಟ್ಟಲಿಲ್ಲ. ಬೇಸಿಗೆ ಬಂದರೆ ತನ್ನ ಹುಲ್ಲುಗಾವಲನ್ನು ಬಿಟ್ಟು ಮೊದಲು ಮೆಲ್ಕನದನ್ನು ಕೊಯ್ದು ಬರುತ್ತಿದ್ದ.

“ನಮ್ಮ ಹುಲ್ಲು ಮಳೇಲಿ ಕೊಳೀತಾ ಇದೆ, ನೀವು ಊರವರ ಹುಲ್ಲು ಕೊಯ್ತಾ ಇರಿ,” ಎಂದು ರೆಗುಲಾ ಒಮ್ಮೆ ರೇಗಿದ್ದಳು.

“ಈ ಮನೇಲಿ ನಾಲ್ಕು ಕೈ ಇವೆ ಕಣೇ,” ಎಂದಿದ್ದ. ಮತ್ತೆ ಅವಳು ಆ ಮಾತೆತ್ತಲಿಲ್ಲ.

* * *

ಪಾದ್ರಿಗಳ ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆ ಸಮಾಧಿಯ ಗುಂಡಿಗೆ ಇಳಿಯಿತು. ರೆಗುಲಾ ಶಾಲಿನ ಅಂಚನ್ನು ತಿರುಚುತ್ತ ನಿಂತಿದ್ದಳು.

“ಕೋವಿ ಎತ್ತಿ!” ಯೋಸ್ಟ್ ಕೂಗಿದ.

“ಇಳಿಸ್ರೋ!”

ಗುಂಪನ್ನು ಎಡಭುಜದಿಂದ ಸೀಳಿಕೊಂಡು ಮೆಲ್ಕ್ ಬಂದ. ಏದುಸಿರು ಬಿಡುತ್ತಿದ್ದ.

“ಮೆಲ್ಕ್, ಪಕ್ಕಕ್ಕೆ ಬಾ. ಇದು ಅಣ್ಣನ ಮರ್ಯಾದೆ ಪ್ರಶ್ನೆ,” ಎಂದ ಯೋಸ್ಟ್.

“ಅವನ ಮರ್ಯಾದೆ ಬಗ್ಗೆ ಯಾರಿಗೆ ಅನುಮಾನ? ಯಾರಿಗೋ? ಮುಂದೆ ಬಂದು ನನ್ನ ಹತ್ರ ಹೇಳಲಿ.” ಮೆಲ್ಕ್ ಒಬ್ಬೊಬ್ಬರ ಮುಖ ನೋಡಿದ. “ಕಹಳೆ ಊದೋ ಮುಂಚೆ ಎದ್ದಿದ್ದು ನಾನು. ಊರಿಗೆಲ್ಲ ಗೊತ್ತು. ಅವನೊಬ್ಬ ನಂಬಲಿಲ್ಲ. ಕೊಯ್ಯೋಕೆ ಬಂದಾಗೆಲ್ಲ ಹೇಳಿದೀನಿ, ಅವನಿಗೆ ಕಿವೀನೇ ಇರಲಿಲ್ಲ. ಈಗಲಾದ್ರೂ ಸುಮ್ನೆ ಮಲಗಲಿ ಬಿಡ್ರಪ್ಪಾ.”

ಯೋಸ್ಟ್ ಅತ್ತಿಗೆಯ ಕಡೆ ನೋಡಿದ. ಅವಳು ತೋಪು ಬೇಡವೆಂದು ತಲೆಯಾಡಿಸಿದಳು. ಕೋವಿಗಳು ಒಂದೊಂದಾಗಿ ಇಳಿದವು.

ಮಣ್ಣು ಬೀಳತೊಡಗಿತು. ಮೇಲಿನ ಇಳಿಜಾರಿನಲ್ಲಿ ಹಸುಗಳು ಮೇಯುತ್ತಿದ್ದವು. ಒಂದೂ ಬೆಚ್ಚಿ ತಲೆ ಎತ್ತಲಿಲ್ಲ.