ಜೊಂಡಿನ ಚಾವಣಿಯ ಕೆಳಗೆ

ಹೊಸ ಇಗರ್ಜಿಯಲ್ಲಿ ಮೊದಲ ಪೂಜೆ ನಡೆಯುವ ದಿನ ಬೆಳಗ್ಗೆ ಬಡಗಿ ನಿಕಾಸಿಯೊ ಮೂರು ಸಲ ಬಾಗಿಲವರೆಗೆ ಹೋಗಿ ಮೂರು ಸಲವೂ ವಾಪಸು ಬಂದ. ಒಂಬತ್ತು ವರ್ಷ ತಾನೇ ಮುಂದೆ ನಿಂತು ಕಟ್ಟಿಸಿದ ಚಾವಣಿ ಅದು. ಆದರೆ ಅಷ್ಟೂ ಕಾಲ ಅದರ ಬೆನ್ನ ಮೇಲೆ ಕೂತು ಕೆಲಸ ಮಾಡಿದ್ದನೇ ಹೊರತು ಕೆಳಗೆ ನಿಂತು ತಲೆಯೆತ್ತಿ ನೋಡಿದವನಲ್ಲ.

ಹಳೆಯ ಇಗರ್ಜಿಯ ಕಲ್ಲಿನ ಚಾವಣಿ ಭೂಕಂಪದಲ್ಲಿ ಕುಸಿದಾಗ ಸಾಂತಾ ರೂಫಿನಾ ಊರಿನ ಇನ್ನೂರು ಜನ ಒಳಗಿದ್ದರು. ನಿಕಾಸಿಯೊನ ಹೆಂಡತಿ ಕಾಸಿಲ್ಡಾ ಅವರಲ್ಲೊಬ್ಬಳು. ಕಲ್ಲು ಸರಿಸಿ ಅವಳ ಹೆಣವನ್ನು ಈಚೆಗೆ ತೆಗೆದವನು ಅವನೇ. ಅಂದಿನಿಂದ ಯಾವ ಸೂರಿನಡಿಯೂ ಅವನು ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಮನೆಯಲ್ಲೂ ಅಂಗಳದಲ್ಲೇ ಮಲಗುತ್ತಿದ್ದ.

ಅದಕ್ಕೇ ಪಾದ್ರಿಗಳ ಮುಂದೆ ಹಟ ಹಿಡಿದಿದ್ದ: ಜನರ ನೆತ್ತಿಯ ಮೇಲೆ ಇನ್ನು ಕಲ್ಲು ಬೇಡ. ದೇವದಾರಿನ ಕಮಾನುಗಳು, ನಡುವೆ ಹೆಣೆದ ಜೊಂಡು, ಹಸಿ ತೊಗಲ ಪಟ್ಟಿಯ ಬಿಗಿತ, ಒಳಮೈಗೆ ಗಾರೆ. ಗಾರೆಯ ಮೇಲೆ ಕಲ್ಲಿನ ಸಂದುಗಳನ್ನು ಬಣ್ಣದಲ್ಲಿ ಬರೆಸಿದ್ದ. ಕೆಳಗಿನಿಂದ ನೋಡಿದವರಿಗೆ ಅದು ಅಪ್ಪಟ ಕಲ್ಲು. ನೆಲ ಅಲುಗಿದರೆ ಮಾತ್ರ ದೋಣಿಯ ಹಾಗೆ ತೂಗಬೇಕು, ಬೀಳಬಾರದು.

ಆದರೆ ಮುಂಗೋಡೆ ಕಲ್ಲುಕುಟಿಗ ಎವರಿಸ್ತೊನ ಪಾಲಾಗಿತ್ತು. ಈಗಿನವರು ಬರೋಕ್ ಎನ್ನುವ ಆ ಕಾಲದ ಅಬ್ಬರವೆಲ್ಲ ಅದರಲ್ಲಿತ್ತು: ಹಗ್ಗದಂತೆ ತಿರುಚಿದ ಕಂಬಗಳು, ದ್ರಾಕ್ಷಿಗೊಂಚಲು, ಕೆನ್ನೆಯುಬ್ಬಿಸಿ ಕಹಳೆಯೂದುವ ದೇವದೂತರು. ತುತ್ತತುದಿಯಲ್ಲಿ, ಬಾಗಿಲಿಗೆ ಸರಿಯಾಗಿ ಮೇಲೆ, ಎರಡಾಳೆತ್ತರದ ಸಂತ ರೂಫಿನಾ.

"ಬಾಗಿಲ ಮೇಲೆ ಅಷ್ಟು ಭಾರ ಬೇಡ ಕಣೋ," ಎಂದಿದ್ದ ನಿಕಾಸಿಯೊ.

"ಬುಟ್ಟಿ ಹೆಣೆಯೋನೇ, ನಿನ್ನ ಬುಟ್ಟಿ ನೀನು ನೋಡ್ಕೊ. ಕೋಳಿ ಮುಚ್ಚೋಕೆ ಚೆನ್ನಾಗೈತೆ," ಎಂದು ಎವರಿಸ್ತೊ ನಕ್ಕಿದ್ದ. ಪಾದ್ರಿಗಳಿಗೂ ಸಂತಳು ಎತ್ತರದಲ್ಲೇ ಬೇಕಿತ್ತು.

ಈಗ ಊರಿಗೆ ಊರೇ ಚೌಕದಲ್ಲಿ ನಿಂತಿತ್ತು. ಒಳಗೆ ಗಂಟೆ ಬಾರಿಸುತ್ತಿದ್ದರೂ ಒಬ್ಬರೂ ಹೆಜ್ಜೆ ಮುಂದಿಡಲಿಲ್ಲ.

"ಅಪ್ಪಾ, ಎಲ್ಲಾ ನಿನ್ನ ಮುಖಾನೇ ನೋಡ್ತವ್ರೆ," ಎಂದಳು ಮಗಳು ತೊಮಾಸಾ. "ಕಟ್ಟಿದೋನೇ ಒಳಗೆ ಹೋಗಲ್ಲ ಅಂದ್ರೆ ಅವರು ಹೆಂಗೆ ಬರ್ತಾರೆ?"

ಮೇಣದಬತ್ತಿ ಮಾರುವ ಪೆಟ್ರೊನಿಲಾ ಪಕ್ಕದಿಂದ ಕೂಗಿದಳು: "ಮೊದ್ಲು ನೀವು ಹೋಗಿ ಮೇಸ್ತ್ರಿ. ಬಿದ್ರೆ ನಿಮ್ಮ ತಲೆ ಮೇಲೆ ಬೀಳ್ಲಿ. ನಿಮ್ಮ ಹೆಸರಲ್ಲಿ ಒಂದು ಬತ್ತಿ ಪುಕ್ಕಟೆ ಹಚ್ತೀನಿ."

ಜನ ನಕ್ಕರು. ಆ ನಗುವಿನಲ್ಲೇ ನಿಕಾಸಿಯೊ ಹೊಸ್ತಿಲು ದಾಟಿದ. ಅವನ ಹಿಂದೆ ಊರು ಒಳಗೆ ಹರಿಯಿತು. ತೊಮಾಸಾ ಹೆಂಗಸರ ಜೊತೆ ಮುಂದಕ್ಕೆ ಹೋದಳು. ಅವನು ಬಾಗಿಲ ಪಕ್ಕವೇ ನಿಂತ; ಪೆಟ್ರೊನಿಲಾ ಬುಟ್ಟಿ ಹಿಡಿದು ಅವನ ಮಗ್ಗುಲಿಗೆ. ಪೂಜೆಯುದ್ದಕ್ಕೂ ಅವನು ನೆಲವನ್ನೇ ನೋಡಿದ. ಮೇಲೆ ಒಂದು ಪಾರಿವಾಳ ರೆಕ್ಕೆ ಬಡಿದರೂ ಬಾಗಿಲ ಕಡೆ ಸರಿಯುತ್ತಿದ್ದ.

ಪಾದ್ರಿಗಳು ದ್ರಾಕ್ಷಾರಸದ ಪಾತ್ರೆ ಎತ್ತಿ ಹಿಡಿದಾಗ ನೆಲದಡಿಯಿಂದ ನೂರು ಗಾಡಿ ಹೊರಟಂಥ ಸದ್ದು ಬಂತು. ತೂಗುದೀಪಗಳು ಒಂದಕ್ಕೊಂದು ಬಡಿದವು. ಚಾವಣಿ ಉದ್ದಕ್ಕೂ ಕಿರ್ರೆಂದು ನರಳಿತು, ಗಾರೆಯ ಪುಡಿ ಸುರಿಯಿತು.

ನಿಕಾಸಿಯೊನ ಕಾಲು ಅವನನ್ನು ಕೇಳಲಿಲ್ಲ. ಮಗಳ ನೆನಪೂ ಬರಲಿಲ್ಲ. ಎಲ್ಲರಿಗಿಂತ ಮೊದಲು ಹೊರಗೆ ಓಡಿದವನು ಅವನೇ. ಬಿಸಿಲಿಗೆ ಬಂದು ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡಿದ. ನೀಲಿ ಆಕಾಶದಲ್ಲಿ ಸಂತ ರೂಫಿನಾಳ ತಲೆ ಅತ್ತಿತ್ತ ತೂಗುತ್ತಿತ್ತು. ಒಬ್ಬ ದೇವದೂತನ ಕಹಳೆ ಕಳಚಿ ಮೆಟ್ಟಿಲ ಮೇಲೆ ಪುಡಿಯಾಯಿತು. ಅದರ ಕೆಳಗೇ, ತೆರೆದ ಬಾಗಿಲ ತುಂಬ, ಜನ ನುಗ್ಗಿ ಬರುತ್ತಿದ್ದರು.

ಅವನ ಹಿಂದೆಯೇ ಓಡಿಬಂದ ಪೆಟ್ರೊನಿಲಾ ಮೆಟ್ಟಿಲ ನಡುವೆ ಮುಗ್ಗರಿಸಿದ್ದಳು. ಅವಳನ್ನು ಎತ್ತುವುದೋ, ಬಾಗಿಲು ಹಾಕುವುದೋ? ಎರಡಕ್ಕೂ ಸಮಯವಿರಲಿಲ್ಲ. ಅವನು ಅವಳನ್ನು ದಾಟಿ ಓಡಿದ. ಆ ಚಾವಣಿಯಡಿಗೆ ವಾಪಸು ನುಗ್ಗಿ ಒಂದು ಕದವನ್ನು ಎಳೆದು ಬೆನ್ನು ಕೊಟ್ಟ.

"ಹೊರಗೆ ಸಾವೈತೆ. ನಡುಮಧ್ಯಕ್ಕೆ ಹೋಗಿ, ಗೋಡೆ ಬಿಟ್ಟು ನಿಲ್ಲಿ."

"ದಾರಿ ಬಿಡೋ, ಕೊಲೆಗಡುಕ." ಯಾರೋ ಅವನ ಮುಖಕ್ಕೆ ಗುದ್ದಿದರು.

ಗುಂಪಿನಲ್ಲಿದ್ದ ಎವರಿಸ್ತೊ ಕದದ ಸಂದಿನಿಂದ ಮೆಟ್ಟಿಲ ಮೇಲಿನ ಕಲ್ಲಿನ ಚೂರುಗಳನ್ನು ಕಂಡ. ಇನ್ನೊಂದು ಕದಕ್ಕೆ ಹೆಗಲು ಕೊಟ್ಟ. ಒಳಕ್ಕೆ ತೆರೆಯುವ ಕದಗಳಾದ್ದರಿಂದ ಜನ ತಳ್ಳಿದಷ್ಟೂ ಅವು ಬಿಗಿಯಾದವು. ಇಬ್ಬರ ಪಕ್ಕೆಲುಬುಗಳೂ ನಲುಗಿದವು. ಆಗ ಹೊರಗೆ ಏನೋ ಬಿತ್ತು. ಆ ಹೊಡೆತಕ್ಕೆ ಕದ ಅದುರಿತು. ಕಿರುಚಾಟ ತಟ್ಟನೆ ನಿಂತಿತು.

ನಿಕಾಸಿಯೊ ಆಗ ಮೊದಲ ಸಲ ತಲೆಯೆತ್ತಿ ನೋಡಿದ. ಚಾವಣಿ ಉಸಿರಾಡುವ ಹೊಟ್ಟೆಯಂತೆ ಉಬ್ಬಿ ಇಳಿಯುತ್ತಿತ್ತು. ಒಂದು ಕಡೆ ಗಾರೆ ಹೋಗಿ ಜೊಂಡು ಕಾಣುತ್ತಿತ್ತು. ಬೀಳಲಿಲ್ಲ.

ಒಳಗಿದ್ದವರಲ್ಲಿ ಯಾರೂ ಸಾಯಲಿಲ್ಲ. ತೊಮಾಸಾ ಬಂದು ಅಪ್ಪನ ಮೂಗಿನ ರಕ್ತ ಒರೆಸಿದಳು. ಕದ ತೆಗೆದಾಗ ಸಂತ ರೂಫಿನಾ ಮೂರು ತುಂಡಾಗಿ ಬಿದ್ದಿದ್ದಳು, ಅಡಿಯಲ್ಲಿ ಪೆಟ್ರೊನಿಲಾ.

"ಬೇಡ ಅಂದಿದ್ದೆ ನೀನು," ಎಂದ ಎವರಿಸ್ತೊ. ನಿಕಾಸಿಯೊ ಕಲ್ಲು ಸರಿಸತೊಡಗಿದ.

ಮುಂದಿನ ಎಂಟು ದಿನ ನೆಲ ಆಗಾಗ ನಡುಗಿತು. ನಡುಗಿದಾಗಲೆಲ್ಲ ಊರವರು ಮನೆ ಬಿಟ್ಟು ಹಿಂಬಾಗಿಲಿನಿಂದ ಇಗರ್ಜಿಯೊಳಕ್ಕೆ ಓಡುತ್ತಿದ್ದರು. ನಿಕಾಸಿಯೊನೂ ಓಡುತ್ತಿದ್ದ. ಅವನ ಭಯವೇನೂ ಕಡಿಮೆಯಾಗಿರಲಿಲ್ಲ.

ಒಂಬತ್ತನೆಯ ದಿನ ಅವನೂ ಎವರಿಸ್ತೊನೂ ಮುಂಗೋಡೆಯ ಮೇಲಂತಸ್ತಿನ ಕಲ್ಲುಗಳನ್ನು ಒಂದೊಂದಾಗಿ ಇಳಿಸುತ್ತಿದ್ದಾಗ ಪೆಟ್ರೊನಿಲಾಳ ಮಗಳು ಇರೆನೆಯಾ ಬಂದಳು.

"ಎಲ್ಲಾರನ್ನೂ ತಡೆದ್ರಂತೆ. ನಮ್ಮವ್ವನ್ನ ಯಾಕೆ ಬಿಟ್ರಿ?"

ತಾನು ತಡೆದರೂ ಪೆಟ್ರೊನಿಲಾ ನಿಲ್ಲಲಿಲ್ಲ ಎಂದು ಅವನು ಹೇಳಿದ್ದರೆ ಊರು ನಂಬುತ್ತಿತ್ತು.

"ಮೊದ್ಲು ಓಡಿದೋನು ನಾನು ತಾಯಿ," ಎಂದ ನಿಕಾಸಿಯೊ. "ನನ್ನ ನೋಡಿ ನಿಮ್ಮವ್ವ ಓಡಿಬಂದ್ಳು. ಬಿದ್ದಿದ್ಳು. ದಾಟ್ಕೊಂಡು ಹೋಗಿ ಬಾಗಿಲು ಹಾಕ್ದೆ."

ಇರೆನೆಯಾ ಆ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು. ನಿಕಾಸಿಯೊ ಅಟ್ಟಣೆಯಿಂದ ಇಳಿದು ಬಂದು, ಅವಳಿಗೆ ತಾಗದಷ್ಟು ದೂರದಲ್ಲಿ ಕೂತ. ಅವಳು ಏಳುವವರೆಗೂ ಕೂತೇ ಇದ್ದ.