ಉಕ್ಕಿನ ಹಲಗೆಯ ಹಿಂದೆ

ಆ ಫಿರಂಗಿಯನ್ನು ಚಾಕೋ ಕಾಡಿಗೆ ಕಳಿಸಿದವರ ತಲೆಯಲ್ಲಿ ಮಿದುಳಿತ್ತೋ ಮಣ್ಣಿತ್ತೋ, ದೇವರಿಗೇ ಗೊತ್ತು. ಬಯಲಿನ ಯುದ್ಧಕ್ಕೆಂದು ಜರ್ಮನರು ಮಾಡಿದ್ದು ಅದು. ನಮ್ಮ ಸುತ್ತ ನಾಲ್ಕು ಮಾರು ಆಚೆ ಏನೂ ಕಾಣದ ಮುಳ್ಳುಗಾಡು, ಕಾಡಿನ ತುಂಬ ನಮ್ಮ ಶತ್ರುಗಳಾದ ಪರಾಗ್ವೆಯವರು. ಕೋಟೆ ಎನ್ನುವುದು ಹೆಸರಿಗೆ ಮಾತ್ರ. ಒಂದಿಷ್ಟು ಗುಡಿಸಲು, ಒಂದಿಷ್ಟು ಮರದ ದಿಮ್ಮಿ. ಇದ್ದೊಂದು ಬಾವಿಯೂ ಶತ್ರುಗಳ ಗುಂಡಿಗೆ ಎದುರಾಗಿತ್ತು.

ನಾನು ಫಿರಂಗಿಯ ಸಾರ್ಜೆಂಟ್, ಬೊಲಿವಿಯಾದ ತಾರಿಹಾ ಕಡೆಯವನು. ನನ್ನ ಕೈಕೆಳಗೆ ಇಬ್ಬರು ಉಳಿದಿದ್ದರು. ಗುರಿ ಹಿಡಿಯುವ ಸಾತುರ್ನೀನೋ ಟಿಟಿಕಾಕಾ ಸರೋವರದ ದಡದ ಐಮಾರ ಬುಡಕಟ್ಟಿನವನು. ಗುಂಡು ತುಂಬುವ ಗುಮೆರ್ಸಿಂದೋ ಪೊಟೊಸಿಯ ಗಣಿಯಿಂದ ಬಂದ ಕೆಚುವಾ ಜನದವನು. ಹಗಲೆಲ್ಲ ಕಚ್ಚಾಡಿ ಒಂದೇ ಕಂಬಳಿಯಲ್ಲಿ ಮಲಗುವ ಜೋಡಿ. ಕಚ್ಚಾಟವೆಲ್ಲ ಒಂದು ಪದದ್ದು. ‘ಉಮ’ ಎಂದರೆ ಐಮಾರ ಮಾತಿನಲ್ಲಿ ನೀರು, ಕೆಚುವಾ ಮಾತಿನಲ್ಲಿ ತಲೆ. ತರಬೇತಿಯ ಮೊದಲ ದಿನ ಸಾತುರ್ನೀನೋ ಉಮ ಕೇಳಿದ್ದಕ್ಕೆ ಗುಮೆರ್ಸಿಂದೋ ಪಾಪ ಅಂತ ಅವನ ತಲೆ ಸವರಿದ್ದನಂತೆ.

‘ನಿನ್ನ ತಲೇಲಿರೋದು ಬರೀ ನೀರು ಅಂತ ನಿಮ್ಮಜ್ಜಂಗೇ ಗೊತ್ತಿತ್ತು ಕಣೋ. ಅದಕ್ಕೇ ತಲೆಗೆ ಉಮ ಅಂತ ಹೆಸರು ಇಟ್ಟವ್ನೆ,’ ಎಂದು ಸಾತುರ್ನೀನೋ ಆಗಾಗ ಕೆಣಕುತ್ತಿದ್ದ.

ಮುತ್ತಿಗೆ ಬಿಗಿಯಾದ ಮೇಲೆ ನಾನು ಕಟ್ಟಪ್ಪಣೆ ಮಾಡಿದೆ. ಫಿರಂಗಿಗೆಂದು ತೋಡಿದ ಹಳ್ಳದೊಳಗೆ ಮೂವರಿಗೂ ಅರ್ಥವಾಗುವ ಸ್ಪ್ಯಾನಿಷ್ ಬಿಟ್ಟು ಇನ್ನೊಂದು ಮಾತು ಕೇಳಿಸಬಾರದು.

ನನಗಿದ್ದ ಚಿಂತೆ ಸಾತುರ್ನೀನೋನದು. ಅವನು ಕಲಿತದ್ದು ಇದೇ ಫಿರಂಗಿಯ ತಂಗಿಯ ಮೇಲೆ, ಬಿಚ್ಚಿ ಹೇಸರಗತ್ತೆಗೆ ಹೇರುವ ಬೆಟ್ಟದ ಫಿರಂಗಿಯ ಮೇಲೆ. ಅದಕ್ಕೆ ಮುಂದೆ ಹಲಗೆಯಿಲ್ಲ, ಎದ್ದು ನಿಂತು ಗುರಿ ನೋಡಬೇಕು. ನಮ್ಮದಕ್ಕೆ ಎದೆಯೆತ್ತರದ ಉಕ್ಕಿನ ಹಲಗೆಯಿತ್ತು, ಕೂತು ಕಿಂಡಿಯಲ್ಲಿ ನೋಡಿದರೆ ಸಾಕು. ಆದರೂ ಏನಾದರೂ ಸದ್ದಾದರೆ ಈ ಪುಣ್ಯಾತ್ಮ ನೆಟ್ಟಗೆ ಎದ್ದು ನಿಲ್ಲುತ್ತಿದ್ದ. ಕಲಿತ ಚಾಳಿ ಸುಟ್ಟರೂ ಹೋಗದು. ಎದುರಿನ ಮರದಲ್ಲಿ ಒಬ್ಬ ಬಂದೂಕಿನವನು ಅದಕ್ಕೇ ಕಾದು ಕೂತಿದ್ದ. ಸಾತುರ್ನೀನೋನ ತಲೆ ಹಲಗೆಯ ಮೇಲೆ ಬರದಂತೆ ಕಾಯುವುದು ನಿನ್ನ ಹೊಣೆ ಎಂದು ಗುಮೆರ್ಸಿಂದೋಗೆ ಹೇಳಿದೆ. ಈ ನೀರುತಲೆಯವನ ತಲೆ ನನ್ನದೇ ಅಂದುಕೊಳ್ಳಿ ಎಂದ ಅವನು.

ಒಂದು ಬೆಳಿಗ್ಗೆ ನಮ್ಮ ವಿಮಾನ ಬಂದು ಪೆಟ್ಟಿಗೆಗಳನ್ನು ಕೆಡವಿತು. ನೀರಿರಬಹುದು ಅಂತ ತೆವಳಿಕೊಂಡು ಹೋಗಿ ಎಳೆದು ತಂದರೆ ಒಳಗೆ ಫಿರಂಗಿಯ ಗುಂಡುಗಳು. ಅವಾದರೂ ನಮ್ಮವೇ? ಬೆಟ್ಟದ ಫಿರಂಗಿಯವು! ಬಾಯಿಯ ಅಳತೆ ಒಂದೇ, ಮದ್ದು ತುಂಬಿದ ತೋಟೆ ಮಾತ್ರ ಗಿಡ್ಡ. ಅಣ್ಣನ ಚಪ್ಪಲಿಯಲ್ಲಿ ತಮ್ಮನ ಕಾಲಿನಂತೆ ಒಳಗೆ ಹೋಗಿ ಲೊಡಲೊಡ ಎಂದವು. ಕಳಿಸಿದವನ ಏಳು ತಲೆಮಾರನ್ನೂ ಬೈದೆ. ನಮ್ಮ ಬಳಿಯ ಗುಂಡುಗಳು ಆಗಲೇ ಮುಗಿದಿದ್ದವು, ಅಲ್ಲಿಂದ ಮುಂದೆ ನಮ್ಮ ಫಿರಂಗಿ ಬರಿಯ ಗೋಡೆಯಾಯಿತು. ಹಲಗೆಯ ಮರೆಯಷ್ಟೇ ನಮ್ಮ ಲೋಕ. ಕಾಲು ಚಾಚಿದರೆ ಗುಂಡು ಬರುತ್ತಿತ್ತು.

ದಿನಕ್ಕೆ ತಲೆಗೆ ಒಂದು ಮುಚ್ಚಳ ನೀರು ಸಿಗುತ್ತಿತ್ತು. ಅದರಲ್ಲೂ ಇಬ್ಬರೂ ಮೊದಲ ಹನಿಯನ್ನು ಭೂಮಿತಾಯಿಗೆ ಚೆಲ್ಲಿಯೇ ಕುಡಿಯುವರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ತಾಯಿಗೆ ನಿಮ್ಮ ಹೆಣಗಳೇ ಸಾಕಾಗ್ತವೆ, ನೀರು ಯಾಕೆ ಎಂದು ಬೈಯುತ್ತಿದ್ದೆ. ಕೊನೆಗೆ ಮುಚ್ಚಳವೂ ನಿಂತಿತು. ಹಸಿವು ದಣಿವು ಮರೆಸುವ ಕೋಕಾ ಎಲೆ ಅಗಿದರೆ ಬಾಯಲ್ಲಿ ಒಣಹುಲ್ಲು. ಬಾಯಿ ಒಣಗಿದಾಗ ಕಲಿತ ಭಾಷೆ ಮೊದಲು ಹೋಗುತ್ತದೆ. ಇಬ್ಬರೂ ತಂತಮ್ಮ ತಾಯಿಯ ಮಾತಿನಲ್ಲಿ ಗೊಣಗತೊಡಗಿದರು. ಗದರಿಸಲು ನನ್ನ ಗಂಟಲಲ್ಲೂ ದನಿಯಿರಲಿಲ್ಲ.

ಒಂದು ನಡುಹಗಲು ಮತ್ತೆ ವಿಮಾನದ ಸದ್ದು ಕೇಳಿತು. ಈ ಸಲ ನೀರು ತರುತ್ತದೆ ಎಂದು ಹಳ್ಳದಿಂದ ಹಳ್ಳಕ್ಕೆ ಸುದ್ದಿ ಹಬ್ಬಿತ್ತು. ಗಾಲಿಗೆ ಒರಗಿ ಕಣ್ಣು ಮುಚ್ಚಿದ್ದ ಸಾತುರ್ನೀನೋ ಸದ್ದಿಗೆ ಕದಲಿ ಮಂಡಿಯ ಮೇಲೆ ಎದ್ದ. ಕಿಂಡಿಯಲ್ಲಿ ನೋಡುತ್ತಿದ್ದ ಗುಮೆರ್ಸಿಂದೋಗೆ ಎದುರಿನ ಮರದ ಕೊಂಬೆ ಅಲುಗಿದ್ದು ಕಂಡಿತು.

‘ಉಮ!’ ಎಂದು ಕಿರುಚಿದ.

ಸಾತುರ್ನೀನೋನ ಮುಖ ಅರಳಿತು. ಆ ಮುಖವನ್ನು ನಾನು ಸಾಯುವವರೆಗೂ ಮರೆಯಲಾರೆ. ‘ಎಲ್ಲಿ?’ ಎನ್ನುತ್ತ ಹಲಗೆಯ ಮೇಲಿಂದ ನೋಡಲು ನೆಟ್ಟಗೆ ಎದ್ದು ನಿಂತ. ಒಂದೇ ಗುಂಡು.

ಗುಮೆರ್ಸಿಂದೋ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ‘ತಲೆ ಅಂದೆ ಸಾರ್ಜೆಂಟ್. ನಾನು ತಲೆ ಅಂದೆ,’ ಎನ್ನುತ್ತಲೇ ಇದ್ದ. ನಾನು ಅವನನ್ನು ತಬ್ಬಿಕೊಂಡೆ. ಸಂಕಟ ಕಿತ್ತುಕೊಂಡು ಬಂತು, ಕಣ್ಣಲ್ಲಿ ಹನಿ ಬರಲಿಲ್ಲ. ಗಾಲಿಯ ಪಕ್ಕದಲ್ಲೇ ಕೈಯಿಂದ ಮಣ್ಣು ಕೆರೆದು ಹೂತೆವು.

ಕೆಲವೇ ದಿನಕ್ಕೆ ಕೋಟೆ ಶರಣಾಯಿತು. ಪರಾಗ್ವೆಯ ಸಿಪಾಯಿಯೊಬ್ಬ ನೀರಿನ ಡಬ್ಬ ಹೊತ್ತು ನಮ್ಮ ಹಳ್ಳಕ್ಕಿಳಿದ. ನಮ್ಮಷ್ಟೇ ಬಡಕಲು. ತನ್ನ ಗ್ವಾರಾನಿ ಮಾತಿನಲ್ಲಿ ಏನೋ ಅಂದು ನಮ್ಮ ಬಟ್ಟಲುಗಳಿಗೆ ಸುರಿದ. ನಾನು ನಾಚಿಕೆ ಬಿಟ್ಟು ಒಂದೇ ಗುಟುಕಿಗೆ ಕುಡಿದೆ.

ಗುಮೆರ್ಸಿಂದೋ ಕುಡಿಯಲಿಲ್ಲ. ಒಡೆದ ತುಟಿಯ ಹತ್ತಿರವೂ ತರದೆ, ಬಟ್ಟಲು ಹಿಡಿದು ಗಾಲಿಯ ಪಕ್ಕ ಮಂಡಿಯೂರಿದ. ಒಂದು ಹನಿಯಲ್ಲ, ಇದ್ದಷ್ಟನ್ನೂ ಆ ಮಣ್ಣಿಗೆ ಸುರಿದ. ಸಿಪಾಯಿ ಹುಚ್ಚನನ್ನು ನೋಡುವಂತೆ ನೋಡಿದ. ನಾನು ಬೈಯಲಿಲ್ಲ.

‘ಉಮ,’ ಎಂದ ಗುಮೆರ್ಸಿಂದೋ, ಮಣ್ಣು ಸವರುತ್ತ. ‘ತಗೊಳ್ಳೋ. ಈ ಸಲ ನೀರೇ ಕಣೋ.’