ಒಂಬತ್ತನೆಯ ಶುಕ್ರವಾರ

ನಮ್ಮತ್ತೆ ಜ್ಞಾನಮ್ಮನವರಷ್ಟು ಮೊಂಡರನ್ನು ನಾನು ಇಡೀ ನಜರ್‌ಬಾದಿನಲ್ಲಿ ಕಂಡಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು, ಆದರೂ ತಿಂಗಳ ಮೊದಲ ಶುಕ್ರವಾರ ಬೆಳಗಿನ ಪೂಜೆಗೆ ಹೋಗಿ ಸತ್ಪ್ರಸಾದ ತೆಗೆದುಕೊಳ್ಳಲೇಬೇಕು. ಯೇಸುವಿನ ತಿರುಹೃದಯಕ್ಕೆ ಸತತ ಒಂಬತ್ತು ತಿಂಗಳ ಹರಕೆ ಅದು. ನಡುವೆ ಒಂದು ತಪ್ಪಿದರೂ ಮತ್ತೆ ಮೊದಲಿನಿಂದ ಶುರು. ಎರಡು ಸಲ ಕಾಯಿಲೆ ಬಿದ್ದು ತಪ್ಪಿತ್ತು.

“ಸಾಯೋ ಮಗನ್ನ ಉಳ್ಸಿಕೊಟ್ಟವ್ನೆ. ಅಷ್ಟು ಪ್ರೀತಿ ಮಾಡ್ದವನ್ಗೆ ನಾನೇನು ಕೊಟ್ಟಿದ್ದೀನಿ? ಇದೊಂದು ಕೊಟ್ಬುಟ್ಟು ಸಾಯ್ತೀನಿ ಕಣಮ್ಮ” ಎನ್ನುತ್ತಿದ್ದರು. ಆ ಮಗ ನನ್ನ ಗಂಡ, ನಾನು ಬೇಡವೆನ್ನಲಾದೀತೆ?

೧೯೫೦ರಲ್ಲಿ ಆ ಒಂಬತ್ತನೆಯ ಶುಕ್ರವಾರ ಬಂತು. ಆಗೆಲ್ಲ ನಿಯಮ ಬಲು ಬಿಗಿ: ಸತ್ಪ್ರಸಾದ ತೆಗೆದುಕೊಳ್ಳುವವರು ನಡುರಾತ್ರಿಯಿಂದ ತೊಟ್ಟು ನೀರನ್ನೂ ಕುಡಿಯುವಂತಿಲ್ಲ. ಹೊರಡುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ದಾಕ್ಷಾಯಣಿ ಓಡಿಬಂದಳು. ಅವಳ ತಂದೆ ರುದ್ರಸ್ವಾಮಿಯವರು ತೀರಿಹೋಗಿ ಎರಡು ದಿನವಾಗಿತ್ತು. ಅಂದಿನಿಂದ ತಾಯಿ ಪುಟ್ಟಬಸಮ್ಮ ಬಾಯಿಗೆ ಏನೂ ಹಾಕಿರಲಿಲ್ಲ.

“ನೀವಾದ್ರೂ ಒಂದ್ ಮಾತು ಹೇಳಿ ದೊಡ್ಡಮ್ಮ. ಅವ್ವನೂ ಹೋಗ್ಬುಟ್ರೆ ನಾನೇನ್ ಮಾಡ್ಲಿ?”

ಹೋದೆವು. ಪುಟ್ಟಬಸಮ್ಮ ಗೋಡೆಗೊರಗಿ ಕೂತಿದ್ದರು. ಮಗಳು ಹಾಲಿನ ಲೋಟ ಹಿಡಿದರೆ ಮುಖ ತಿರುಗಿಸಿದರು. ಅತ್ತೆ ಎಷ್ಟೋ ಹೇಳಿದ ಮೇಲೆ ಬಾಯಿ ಬಿಟ್ಟರು: “ಬೆಳಿಗ್ಗೆ ಹಾಲು ಅವರ ಜೊತೇಲೇ ಕುಡೀತಿದ್ದೆ ಅಕ್ಕ. ಒಬ್ಳೇ ಎಂಗೆ ಕುಡೀಲಿ? ನೀವೂ ಕುಡಿದ್ರೆ ಕುಡೀತೀನಿ.”

ಉಪವಾಸ ನೆನಪಿಸಲು ನಾನು ಅತ್ತೆಯ ಸೆರಗು ಜಗ್ಗಿದೆ. ಅವರು ತಿರುಗಿಯೂ ನೋಡದೆ, “ನನಗೂ ಒಂದು ಲೋಟ ತಾ ಮಗ” ಎಂದು ದಾಕ್ಷಾಯಣಿಗೆ ಹೇಳಿ, ತರಿಸಿಕೊಂಡು ಕುಡಿದೇಬಿಟ್ಟರು!

ಇಗರ್ಜಿಯಲ್ಲಿ ಸತ್ಪ್ರಸಾದದ ಗಂಟೆಯಾಯಿತು. ಎಲ್ಲರೂ ಎದ್ದು ಪೀಠದ ಬಳಿಗೆ ಹೋದರು, ಅತ್ತೆ ಬೆಂಚಿನಲ್ಲೇ ಉಳಿದರು. ಮೊದಲ ಶುಕ್ರವಾರ ಹಾಗೆ ಕೂತವರನ್ನು ಜನ ಬಿಟ್ಟಾರೆಯೇ? “ಏನು ಪಾಪ ಮಾಡವ್ಳೋ” ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಆ ಕೋಪದಲ್ಲಿ ನಾನೂ ಎದ್ದು ಹೋಗಲಿಲ್ಲ.

ದಾರಿಯಲ್ಲಿ ತಡೆಯಲಾಗದೆ ಕೇಳಿದೆ: “ಉಪವಾಸ ಅಂತ ಪುಟ್ಟಬಸಮ್ಮನವರಿಗೆ ಹೇಳಬಾರದಿತ್ತಾ ಅತ್ತೆ?”

“ಹೇಳಿದ್ರೆ ಅವಳೂ ಲೋಟ ಕೆಳಗಿಡ್ತಿದ್ಲು.”

“ಮತ್ತೆ ಮೊದಲಿಂದ ಶುರು ಮಾಡೋಕೆ ನಿಮ್ಮ ಕೈಲಾಗುತ್ತಾ?”

“ಆಗಲ್ಲ ಕಣಮ್ಮ” ಎಂದರು. ಅಲ್ಲೇ ಮರದ ಬುಡದಲ್ಲಿ ಕೂತು ಮಕ್ಕಳ ಹಾಗೆ ಅತ್ತರು. ನನಗೂ ಅಳು ಬಂತು. ಪಕ್ಕದಲ್ಲೇ ಕೂತೆ.

ಅತ್ತೆ ಕಣ್ಣೊರಸಿಕೊಂಡು ಕೇಳಿದರು: “ನಂಗೆ ಕಣ್ಣು ಮಂಜು. ಅವಳು ಪೂರ್ತಿ ಕುಡಿದ್ಲಾ? ನೀನು ನೋಡ್ದ್ಯಾ?”

“ಪೂರ್ತಿ ಕುಡಿದ್ರು ಅತ್ತೆ. ಇನ್ನರ್ಧ ಲೋಟ ಕೇಳಿ ಇಸ್ಕೊಂಡ್ರು.”

“ಅಂಗಾದ್ರೆ ನನ್ನ ಹರಕೆ ಅವನಿಗೆ ಸೇರ್ತು ಬುಡು” ಎಂದು, ಏಳಲು ನನ್ನತ್ತ ಕೈ ಚಾಚಿದರು.